ತಿಜೋರಿ ಪಕ್ಕದ 9 ಇಂಚು ಮಕ್ಕಳ ಪುಸ್ತಕಕ್ಕಿರಲಿ

ಹತ್ತಡಿ ಉದ್ದದ ಗೋಡೆ. ಅದಕ್ಕೆ ಆನಿಸಿ ಆರೂಕಾಲು ಅಡಿಯ ಪಲ್ಲಂಗ, ಪಕ್ಕದಲ್ಲಿ ಮೂರಡಿ ಅಗಲದ ಕಬ್ಬಿಣದ ತಿಜೋರಿ. ಎರಡೂ ಕೂಡಿ ಒಂಬತ್ತೂಕಾಲು ಅಡಿ. ಉಳಿಯುವುದು ಮುಕ್ಕಾಲು ಅಡಿ, ಅಂದರೆ 9 ಇಂಚು. ಯಾದಗಿರಿ, ಶಹಾಪುರ, ಸುರಪುರದ ಹೊಸ ಬಡಾವಣೆಗಳಲ್ಲಿ ಯಾರ ಮನೆಯ ಮಲಗುವ ಕೋಣೆಗೆ ಹೋದರೂ ತಿಜೋರಿಗೂ ಮೂಲೆಯ ಗೋಡೆಗೂ ನಡುವೆ ಈ ಸಂದಿ ಕಾಣುತ್ತದೆ. ಒಳಗೆ ಇಣುಕಿದರೆ ಕಸಬರಿಗೆ, ಸುತ್ತಿಟ್ಟ ಚಾಪೆ, ತೊಗರಿ ಮಾರಿದ ಮೇಲೆ ಉಳಿದ ಖಾಲಿ ಚೀಲ, ಕೆಟ್ಟ ಫ್ಯಾನಿನ ರೆಕ್ಕೆ, ಹೋದ ವರ್ಷದ ಕ್ಯಾಲೆಂಡರು. ಈ ಸಂದಿಗೆ ನಾಲ್ಕೈದು ಹಲಗೆ ಹಾಕಿ ಮನೆಯ ಮಕ್ಕಳ ಪುಸ್ತಕಕ್ಕೆ ಬಿಟ್ಟುಕೊಡಬೇಕು ಎಂದು ನಮ್ಮ ಜಿಲ್ಲೆಯ ತಂದೆ ತಾಯಂದಿರನ್ನು ಕೇಳಲು ಇದನ್ನು ಬರೆಯುತ್ತಿದ್ದೇನೆ.

ನಾನು ಗಣಿತ ಕಲಿಸುವ ಶಿಕ್ಷಕಿ. ಹುಟ್ಟಿ ಬೆಳೆದದ್ದು ಸುರಪುರ, ನೌಕರಿ ಶಹಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ, ಮಗಳನ್ನು ಕೊಟ್ಟದ್ದು ಯಾದಗಿರಿಗೆ. ಮೂರೂ ಊರಿನ ಮನೆಗಳ ಒಳಕೋಣೆಯ ತನಕ ಓಡಾಡುವ ಸಲುಗೆ ನನಗುಂಟು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ನಾವು ಶಿಕ್ಷಕರು ಸಂಜೆ ಹೊತ್ತು ಮಕ್ಕಳ ಮನೆಗೆ ಹೋಗಿ ಬರುತ್ತೇವೆ. ಓದುತ್ತಾರೋ ಇಲ್ಲವೋ ನೋಡುವುದು, ತಂದೆ ತಾಯಿಗೆ ನಾಲ್ಕು ಮಾತು ಹೇಳುವುದು, ಚಹಾ ಕುಡಿದು ಏಳುವುದು. ನಾನು ಮಾತ್ರ ಚಹಾ ಬರುವ ಮೊದಲೇ ಒಂದು ಮಾತು ಕೇಳುತ್ತೇನೆ: "ಪುಸ್ತಕ ಎಲ್ಲಿ ಇಡ್ತಿ, ತೋರಸವ್ವ."

ಈ ಪ್ರಶ್ನೆಗೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. ಒಬ್ಬಳು ಪಲ್ಲಂಗದ ಕೆಳಗೆ ತೂರಿ ಟ್ರಂಕಿನ ಹಿಂದಿನಿಂದ ಚೀಲ ಎಳೆದು ತರುತ್ತಾಳೆ. ಒಬ್ಬ ಕುರ್ಚಿ ಹಾಕಿಕೊಂಡು ತಿಜೋರಿಯ ನೆತ್ತಿಗೆ ಕೈ ಹಾಕುತ್ತಾನೆ, ಅಲ್ಲಿ ಕೌದಿಗಳ ಅಡಿಯಲ್ಲಿ ಅವನ ಸಮಾಜ ವಿಜ್ಞಾನ. ಮತ್ತೊಬ್ಬಳ ವಿಜ್ಞಾನ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಮೇಲೆ, ನೋಟ್‌ಬುಕ್ಕು ಟಿ.ವಿ. ಹಿಂದೆ, ಕಂಪಾಸ್ ಪೆಟ್ಟಿಗೆ ತಮ್ಮನ ಆಟದ ಸಾಮಾನಿನಲ್ಲಿ. ಗೋಗಿ ಕಡೆಯ ಹಳ್ಳಿಯೊಂದರಲ್ಲಿ ತಾಯಿಯೊಬ್ಬರು ನನ್ನೆದುರು ನಿಂತು ಹೇಳಿದರು: "ಜ್ವಾಳದ ಚೀಲಕ್ಕ ಜಾಗಾ ಅದ, ಹತ್ತಿಗಿ ಜಾಗಾ ಅದ, ಈ ಹುಡುಗಿ ಪುಸ್ತಕ ಇಡ್ಲಾಕ ಜಾಗಾ ಇಲ್ರೀ ಮೇಡಂರ. ಏನ್ ಮಾಡೂಣ್ರಿ?" ಆಕೆ ಮಗಳ ಓದಿನ ಬಗ್ಗೆ ಉದಾಸೀನರಾದ ತಾಯಿಯಲ್ಲ. ಹತ್ತಿ ಬಿಡಿಸುವ ದಿನಗಳಲ್ಲೂ ಮಗಳನ್ನು ಶಾಲೆ ಬಿಡಿಸದವರು. ಆಕೆ ಬೆನ್ನು ಕೊಟ್ಟು ನಿಂತಿದ್ದ ತಿಜೋರಿಯ ಪಕ್ಕದಲ್ಲೇ ಒಂದು ಗೇಣಿನ ಸಂದಿ ಇತ್ತು.

ನಮ್ಮ ಜಿಲ್ಲೆಯ ಓದಿನ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಯಾದಗಿರಿಯದು ಶೇ 52ರ ಆಸುಪಾಸಿನಲ್ಲಿತ್ತು, ಎಲ್ಲ ಜಿಲ್ಲೆಗಳಿಗಿಂತ ಕೆಳಗೆ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಶೇ 75.49 ಪಡೆದು ಕೊನೆಯ ಸ್ಥಾನ. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಶೇ 50.59, ಮತ್ತೆ ಕೊನೆಯ ಸ್ಥಾನ. ಪ್ರತಿ ಮೇ ತಿಂಗಳಲ್ಲಿ ಇದೇ ಚರ್ಚೆ ನಡೆಯುತ್ತದೆ. ಶಿಕ್ಷಕರ ಖಾಲಿ ಹುದ್ದೆ, ಅತಿಥಿ ಶಿಕ್ಷಕರ ಮೇಲಿನ ಅವಲಂಬನೆ, ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳು, ಹತ್ತಿ ಮೆಣಸಿನಕಾಯಿ ಬಿಡಿಸಲು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು. ಈ ಮಾತುಗಳೆಲ್ಲ ನಿಜ. ಹುದ್ದೆ ತುಂಬಿರಿ ಎಂದು ಕೇಳುವುದನ್ನು ನಾವು ನಿಲ್ಲಿಸಬಾರದು. ಒಂದು ಹಲಗೆಯಿಂದ ಫಲಿತಾಂಶ ಮೇಲೇಳುತ್ತದೆಂದು ಹೇಳುವಷ್ಟು ಲೆಕ್ಕ ತಪ್ಪಿದವಳು ನಾನಲ್ಲ. ಆದರೆ ಹುದ್ದೆ ತುಂಬುವುದು ಸರ್ಕಾರದ ಕೈಯಲ್ಲಿದೆ. ತಿಜೋರಿ ಪಕ್ಕದ ಸಂದಿ ನಮ್ಮ ಕೈಯಲ್ಲಿದೆ, ಅದಕ್ಕೆ ಯಾವ ಆದೇಶವೂ ಬೇಕಿಲ್ಲ.

ಪುಸ್ತಕಕ್ಕೆ ಒಂದು ಜಾಗ ಇದ್ದರೆ ಏನಾಗುತ್ತದೆ? ಮೊದಲನೆಯದು, ಸಂಜೆ ಓದಲು ಕೂರುವಾಗ ಹುಡುಕಾಟ ಇರುವುದಿಲ್ಲ. ಆರು ವಿಷಯದ ಪುಸ್ತಕ ಆರು ಕಡೆ ಇದ್ದರೆ ಸುಲಭವಾಗಿ ಸಿಕ್ಕಿದ್ದನ್ನು ಓದುತ್ತಾರೆ, ಸಿಗದ್ದನ್ನು ಬಿಡುತ್ತಾರೆ. ಬಿಡುವುದು ಹೆಚ್ಚಾಗಿ ಗಣಿತ ಮತ್ತು ಇಂಗ್ಲಿಷ್. ಎರಡನೆಯದು, ಪುಸ್ತಕ ವರ್ಷವಿಡೀ ಬದುಕುತ್ತದೆ. ಜೂನ್‌ನಲ್ಲಿ ಉಚಿತವಾಗಿ ಬಂದ ಪಠ್ಯಪುಸ್ತಕದ ರಟ್ಟು ದೀಪಾವಳಿಗೆ ಕಳಚಿರುತ್ತದೆ, ಸಂಕ್ರಾಂತಿಗೆ ಕೊನೆಯ ಪಾಠಗಳೇ ಇರುವುದಿಲ್ಲ. ಇಲಿ ಕಡಿದದ್ದು, ಎಣ್ಣೆ ಚೆಲ್ಲಿದ್ದು, ಮಳೆಗಾಲದಲ್ಲಿ ನೆಲದ ತೇವ ಹೀರಿದ್ದು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಮಕ್ಕಳಿಗೆ ಕಥೆ, ವಿಜ್ಞಾನ, ಜೀವನಚರಿತ್ರೆಯ ಪುಸ್ತಕಗಳು ಅಲ್ಲಿವೆ. ಮನೆಗೆ ಒಯ್ಯಿರಿ ಎಂದರೆ ಮಕ್ಕಳು ಹಿಂಜರಿಯುತ್ತಾರೆ. "ಮನ್ಯಾಗ ತಮ್ಮ ಹರೀತಾನ್ರೀ" ಎನ್ನುತ್ತಾರೆ. ಕಳೆದರೆ, ಹರಿದರೆ ದಂಡ ಕಟ್ಟಬೇಕಾದೀತೆಂಬ ಹೆದರಿಕೆ. ತಮ್ಮನ ಕೈಗೆ ಎಟುಕದ ಒಂದು ಖಾನೆ ಮನೆಯಲ್ಲಿದ್ದರೆ ಆ ಹೆದರಿಕೆ ಹೋಗುತ್ತದೆ.

ಮನೆಯಲ್ಲಿ ಪುಸ್ತಕ ಇರುವುದಕ್ಕೂ ಮಗು ಎಷ್ಟು ವರ್ಷ ಓದುತ್ತದೆ ಎನ್ನುವುದಕ್ಕೂ ಇರುವ ನಂಟನ್ನು ಸಂಶೋಧಕಿ ಮರಿಯಾ ಇವಾನ್ಸ್ ಮತ್ತು ಸಂಗಡಿಗರು 27 ದೇಶಗಳಲ್ಲಿ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಪುಸ್ತಕ ತುಂಬಿದ ಮನೆಯ ಮಕ್ಕಳು ಪುಸ್ತಕವೇ ಇಲ್ಲದ ಮನೆಯ ಮಕ್ಕಳಿಗಿಂತ ಸುಮಾರು ಮೂರು ವರ್ಷ ಹೆಚ್ಚು ಓದಿದ್ದರು. ತಂದೆ ತಾಯಿಯ ಓದು, ಉದ್ಯೋಗವನ್ನು ಬದಿಗಿಟ್ಟು ಲೆಕ್ಕ ಹಾಕಿದರೂ ಅಂತರ ಉಳಿಯಿತು. ಓದದ ತಂದೆ ತಾಯಿಯ ಮನೆಯಲ್ಲಿ ಮೊದಲ ಕೆಲವು ಪುಸ್ತಕಗಳಿಂದಲೇ ಹೆಚ್ಚಿನ ಲಾಭ ಕಂಡಿತ್ತು. ನಂಟು ಇದೆ ಎಂದ ಮಾತ್ರಕ್ಕೆ ಅದೇ ಕಾರಣ ಎನ್ನಲಾಗದು, ಅದನ್ನು ಗಣಿತ ಕಲಿಸುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ನಮ್ಮ ಜಿಲ್ಲೆಯ ಮನೆಗಳನ್ನು ನೆನೆದಾಗ ಆ ಮಾತು ನನ್ನನ್ನು ಬಿಡುವುದಿಲ್ಲ.

ಹಿಂದಿನ ಮನೆಗಳಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಸುರಪುರದಲ್ಲಿ ನಮ್ಮ ಅಜ್ಜಿಯ ಮನೆ ಕಲ್ಲು ಮಣ್ಣಿನ ಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಗೋಡೆ ಎರಡಡಿ ದಪ್ಪ. ಅಂಥ ಗೋಡೆಯಲ್ಲಿ ಕಟ್ಟುವಾಗಲೇ ಮಾಡ, ಅಂದರೆ ಗೋಡೆಗೂಡು, ಬಿಡುತ್ತಿದ್ದರು. ಬಾಗಿಲ ಬದಿಯ ಮಾಡದಲ್ಲಿ ದೀಪ, ಪಡಸಾಲೆಯ ಮಾಡದಲ್ಲಿ ಅಜ್ಜನ ಕನ್ನಡಕ ಮತ್ತು ಪಂಚಾಂಗ, ಒಳಕೋಣೆಯ ತಗ್ಗಿನ ಮಾಡದಲ್ಲಿ ನಮ್ಮ ಪಾಟಿ, ಬಳಪ, ಅಂಕಲಿಪಿ. ಆ ಮಾಡಕ್ಕೆ ದೊಡ್ಡವರು ಬೇರೆ ಸಾಮಾನು ಇಡುತ್ತಿರಲಿಲ್ಲ. ಕಾಳುಕಡಿಗೆ ಹಗೇವು ಇತ್ತು, ಹೊರಗೆ ಕಣಜ ಇತ್ತು. ಬರಹವನ್ನು ಜೋಪಾನ ಮಾಡುವುದು ಈ ಸೀಮೆಗೆ ಹೊಸದೇನೂ ಅಲ್ಲ. ಕೊಡೇಕಲ್ ಬಸವಣ್ಣನ ಪರಂಪರೆಯ ಕಾಲಜ್ಞಾನ ಸಾಹಿತ್ಯ ಅಮರಗನ್ನಡ ಎಂಬ ಅವರದೇ ಲಿಪಿಯಲ್ಲಿ ಉಳಿದು ಬಂದದ್ದು ಇದೇ ನೆಲದಲ್ಲಿ. ವಚನಕಾರರಾದ ದೇವರ ದಾಸಿಮಯ್ಯನ ಮುದನೂರು, ಭೋಗಣ್ಣನ ಕೆಂಭಾವಿ ಸುರಪುರದ ಸುತ್ತಲಿನವೇ.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂತು, ಭತ್ತ ಹತ್ತಿ ಬಂತು, ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದೆವು. ಮಳೆಗಾಲದಲ್ಲಿ ಸೋರದ ಮನೆಯ ಸುಖ ಮಾಳಿಗೆ ಮನೆಯಲ್ಲಿ ಬೆಳೆದವರಿಗೇ ಗೊತ್ತು, ಅದರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಆದರೆ ಹೊಸ ಗೋಡೆಯ ದಪ್ಪ 9 ಇಂಚು, ನಡುಗೋಡೆ ಬರೀ ನಾಲ್ಕೂವರೆ ಇಂಚು. ಅದರಲ್ಲಿ ಮಾಡ ಬಿಡಲು ಬರುವುದಿಲ್ಲ. ಹಗೇವು ಮುಚ್ಚಿದ ಮೇಲೆ ಚೀಲಗಳು ಮಲಗುವ ಕೋಣೆಗೆ ಬಂದವು. ಮದುವೆಯಲ್ಲಿ ಕೊಟ್ಟ ಪಲ್ಲಂಗ, ತಿಜೋರಿ, ಕನ್ನಡಿಯ ಮೇಜು ಬಂದವು. ಮಾಡ ಹೋದ ಜಾಗಕ್ಕೆ ಏನನ್ನೂ ತರದೆ ಬಿಟ್ಟದ್ದು ಮಕ್ಕಳ ಪುಸ್ತಕದ ವಿಷಯದಲ್ಲಿ ಮಾತ್ರ.

ಈಗ ಕೆಲಸದ ಮಾತು. ಮೊದಲು ಸಂದಿಯೊಳಗಿನದನ್ನೆಲ್ಲ ಹೊರಗೆ ತೆಗೆಯಿರಿ. ಕೈ ಹಾಕಿ ತೆಗೆಯಬೇಡಿ, ಕಸಬರಿಗೆಯ ಕೋಲಿನಿಂದ ಎಳೆಯಿರಿ. ನಮ್ಮದು ಚೇಳಿನ ನಾಡು. ಗುರುಮಠಕಲ್ ತಾಲ್ಲೂಕಿನ ಕಂದಕೂರಿನಲ್ಲಿ ನಾಗರ ಪಂಚಮಿಯ ದಿನ ಜನ ಬೆಟ್ಟದ ಕಲ್ಲು ಎತ್ತಿ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಆದರೆ ಮಗುವಿರುವ ಮನೆಯ ಕತ್ತಲ ಸಂದಿಯಲ್ಲಿ ಚೇಳು ಸೇರುವುದು ಬೇರೆ ಮಾತು. ಹಲಗೆ ಹಾಕಿ ಸಂದಿಯನ್ನು ಬಳಕೆಗೆ ತಂದರೆ ಬೆಳಕು ಬೀಳುತ್ತದೆ, ದಿನವೂ ಕೈಯಾಡುತ್ತದೆ, ಚೇಳಿಗೆ ಅಡಗುವ ಜಾಗ ತಪ್ಪುತ್ತದೆ. ಇದಕ್ಕಾಗಿಯೇ ಎಲ್ಲಕ್ಕಿಂತ ಕೆಳಗಿನ ಹಲಗೆ ನೆಲದಿಂದ ಆರು ಇಂಚಾದರೂ ಮೇಲಿರಬೇಕು, ಕಸಬರಿಗೆ ಸಲೀಸಾಗಿ ಆಡಬೇಕು.

ಆಮೇಲೆ ಅಳತೆ. ಬಡಿಗೇರರು ಹೇಳುವ ಮಾತು ಒಂದಿದೆ: "ಗ್ವಾಡಿ ಎಂದೂ ಸೀದಾ ಇರಂಗಿಲ್ರೀ, ಮೂರ್ ಕಡಿ ಅಳೀರಿ." ನೆಲದ ಹತ್ತಿರ, ಸೊಂಟದ ಎತ್ತರದಲ್ಲಿ, ತಲೆಯ ಎತ್ತರದಲ್ಲಿ. ಗಿಲಾವು ಒಂದು ಕಡೆ ದಪ್ಪ, ಒಂದು ಕಡೆ ತೆಳು ಇರುತ್ತದೆ. ಕೆಳಗೆ 9 ಇಂಚು ಇದ್ದದ್ದು ಮೇಲೆ ಎಂಟೂಕಾಲಿಗೆ ಇಳಿದಿರಬಹುದು. ಮೂರರಲ್ಲಿ ಕಡಿಮೆ ಬಂದದ್ದೇ ನಿಮ್ಮ ಅಳತೆ, ಅದರಿಂದ ಇನ್ನೂ ಅರ್ಧ ಇಂಚು ಕಳೆಯಿರಿ. ತಿಜೋರಿಯ ಬಾಗಿಲು ಪೂರ್ತಿ ತೆರೆದು ನೋಡಿ, ಬಾಗಿಲು ತಿರುಗುವಾಗ ಎಷ್ಟು ಹೊರಳುತ್ತದೆ ಎಂದು ಸೀಮೆಸುಣ್ಣದಿಂದ ಗೋಡೆಗೆ ಗುರುತು ಹಾಕಿ. ಸಂದಿಯಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಆ ಎತ್ತರದಲ್ಲಿ ಹಲಗೆ ಬೇಡ, ಪುಸ್ತಕವೂ ಬೇಡ.

ಇಲ್ಲಿ ನಾನು ಒಂದು ವಿಷಯ ಒತ್ತಿ ಹೇಳಬೇಕು. ನಮ್ಮ ಕಡೆ ಸಿಗುವ ದೊಡ್ಡ ತಿಜೋರಿ ಸಾಮಾನ್ಯವಾಗಿ ಆರೂವರೆ ಅಡಿ ಎತ್ತರ, 19 ಇಂಚು ಆಳ ಇರುತ್ತದೆ. ಪುಸ್ತಕಕ್ಕೆ 10 ಇಂಚು ಆಳ ಸಾಕು. ಹಲಗೆಯನ್ನು ಹಿಂದಿನ ಗೋಡೆಗೆ ತಾಗಿಸಿ ಕೂರಿಸಿದರೆ ಪುಸ್ತಕ 9 ಇಂಚು ಒಳಗೆ ಕತ್ತಲಲ್ಲಿ ಕೂರುತ್ತದೆ, ಮಗುವಿಗೆ ಹೆಸರು ಓದಲು ಕಾಣುವುದಿಲ್ಲ, ಎರಡು ತಿಂಗಳಲ್ಲಿ ಅದು ಮತ್ತೆ ಕಸದ ಸಂದಿಯೇ. ಹಲಗೆಯನ್ನು ಮುಂದಕ್ಕೆ ತನ್ನಿ. ತಿಜೋರಿಯ ಮುಖಕ್ಕಿಂತ ಎರಡು ಇಂಚು ಮಾತ್ರ ಹಿಂದಿರಲಿ. ಹಿಂಬದಿಯಲ್ಲಿ ಉಳಿಯುವ ಆರೇಳು ಇಂಚಿನಲ್ಲಿ ಸುತ್ತಿದ ನಕಾಶೆ, ಚಾರ್ಟು, ಕೊಡೆಯ ಜೊತೆ ಕಸಬರಿಗೆ, ಚಾಪೆಯೂ ನಿಲ್ಲುತ್ತವೆ. ಆಗ ಕಸಬರಿಗೆ, ಚಾಪೆಯ ಹಕ್ಕೂ ಉಳಿಯಿತು, ಮನೆಯ ಹಿರಿಯರು ಸಿಟ್ಟಾಗುವುದಿಲ್ಲ.

ಹಲಗೆ ನಿಲ್ಲುವುದು ಬದಿಯ ಗೋಡೆಯ ಮೇಲೆ. ಇಟ್ಟಿಗೆ ಗೋಡೆಯಾದರೆ ಡ್ರಿಲ್ಲಿನಿಂದ ತೂತು ಹಾಕಿ, ಪ್ಲಾಸ್ಟಿಕ್ ಗಿಟ್ಟಿ ಬಡಿದು, ಎರಡು ಇಂಚಿನ ಸ್ಕ್ರೂ ಹಾಕಿ ಎಲ್ ಕ್ಲಾಂಪ್ ಕೂರಿಸಿದರೆ ಆಯಿತು. ಒಂದು ಹಲಗೆಗೆ ಎರಡು ಕ್ಲಾಂಪ್. ಸ್ಕ್ರೂ ಗಿಲಾವಿನಲ್ಲೇ ನಿಂತರೆ ಪ್ರಯೋಜನವಿಲ್ಲ, ಇಟ್ಟಿಗೆಯೊಳಗೆ ಹೋಗಬೇಕು. ಪುಸ್ತಕ ಆಚೆ ಬೀಳದಂತೆ ತಿಜೋರಿಯ ಕಬ್ಬಿಣದ ಮೈಯೇ ತಡೆಯುತ್ತದೆ. ಪೆಟ್ಟಿಗೆ ಮಾಡುವ ಗೊಡವೆಯೇ ಇಲ್ಲ. ಹಳೆಯ ಕಲ್ಲು ಮಣ್ಣಿನ ಗೋಡೆಯಾದರೆ ಸ್ಕ್ರೂ ಹಲಗೆಯ ಭಾರ ಹಿಡಿಯುವುದಿಲ್ಲ, ಅಲ್ಲಿ ನೆಲದ ಮೇಲೆ ನಿಲ್ಲುವ ಪೆಟ್ಟಿಗೆಯೇ ಬೇಕು. ಐದಡಿ ಎತ್ತರ, ಎಂಟೂವರೆ ಇಂಚು ಅಗಲ, ಹತ್ತು ಇಂಚು ಆಳದ ಪೆಟ್ಟಿಗೆಗೆ ಎರಡು ಬದಿ, ಐದು ಅಡ್ಡ ಹಲಗೆ ಸೇರಿ ಹೆಚ್ಚೆಂದರೆ 11 ಚದರ ಅಡಿ ಪ್ಲೈವುಡ್ ಬೇಕು. ಎಂಟಡಿ ನಾಲ್ಕಡಿಯ ಒಂದು ಶೀಟ್ 32 ಚದರ ಅಡಿ. ಒಂದು ಶೀಟಿನಲ್ಲಿ ಹೆಚ್ಚುಕಡಿಮೆ ಮೂರು ಮನೆಯ ಮಕ್ಕಳ ಪುಸ್ತಕಕ್ಕೆ ಜಾಗವಾಗುತ್ತದೆ. ಬಡಿಗೇರರ ಅಂಗಡಿಯಲ್ಲಿ ಅಡುಗೆಮನೆ ಕಪಾಟು ಮಾಡಿ ಉಳಿದ ತುಂಡುಗಳು ಬಿದ್ದಿರುತ್ತವೆ, ಅವನ್ನು ಕೇಳಿ ನೋಡಿ. 18 ಎಂ.ಎಂ. ದಪ್ಪ ಇದ್ದರೆ ಒಳ್ಳೆಯದು.

ಬೇವಿನ ಹಲಗೆ ಸಿಕ್ಕರೆ ಪ್ಲೈವುಡ್ಡಿಗಿಂತ ನನಗೆ ಅದೇ ಮೇಲು. ನಮ್ಮ ಹೊಲದ ಬದುವಿನಲ್ಲಿ ಬೇವು ಇದ್ದೇ ಇರುತ್ತದೆ, ಅದರ ಕಹಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಹಳೆಯ ಮನೆ ಕೆಡವಿದಾಗ ಸಿಗುವ ಬಾಗಿಲು ಹಲಗೆ ಒಣಗಿ ಗಟ್ಟಿಯಾಗಿರುತ್ತದೆ, ಬಾಗುವುದಿಲ್ಲ. ಹಸಿ ಹಲಗೆ ಮಾತ್ರ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಅದು ತಿರುಚಿಕೊಳ್ಳುತ್ತದೆ.

ಇನ್ನು ನಮ್ಮದೇ ಕಲ್ಲು. ಶಹಾಬಾದಿನ ಪರಸಿ ಕಲ್ಲು ಭೀಮಾ ಕಣಿವೆಯ ಸುಣ್ಣದ ಕಲ್ಲು. ಯಾದಗಿರಿ ಜಿಲ್ಲೆಯ ನೆಲ, ಅಂಗಳ, ಅಡುಗೆಕಟ್ಟೆ ಎಲ್ಲ ಅದರದೇ. ನೆಲಕ್ಕೆ ಹಾಸಿ ಉಳಿದ ತುಂಡುಗಳು ಹಿತ್ತಲಲ್ಲಿ ಬಿದ್ದಿರುತ್ತವೆ. ಗೆದ್ದಲು ಇಲ್ಲ, ತೇವಕ್ಕೆ ಉಬ್ಬುವುದಿಲ್ಲ, ತಲೆಮಾರು ಬಾಳುತ್ತದೆ. ಆದರೆ ಭಾರ. ಒಂದು ಚದರ ಅಡಿಯ ಒಂದು ಇಂಚು ದಪ್ಪದ ಕಲ್ಲು ಆರು ಕಿಲೋಗೂ ಮಿಕ್ಕಿ ತೂಗುತ್ತದೆ. ಅದನ್ನು ಎಲ್ ಕ್ಲಾಂಪಿನ ಮೇಲೆ ನಂಬಿ ಮಗುವಿನ ತಲೆಯ ಮಟ್ಟದಲ್ಲಿ ಕೂರಿಸುವುದು ತಪ್ಪು. ಕಲ್ಲಿಗೆ ಎರಡೂ ಕಡೆ ಇಟ್ಟಿಗೆಯ ಆಧಾರ ಬೇಕು, ಅಥವಾ ಗೋಡೆ ಕಟ್ಟುವಾಗಲೇ ಗೌಂಡಿಯ ಕೈಯಲ್ಲಿ ಅದನ್ನು ಗೋಡೆಯೊಳಗೆ ಸೇರಿಸಬೇಕು.

ತೂಕದ ಮಾತು ಬಂದಾಗ ಪೆಟ್ಟಿಗೆ ಮಗುಚುವ ಅಪಾಯವನ್ನೂ ಹೇಳಲೇಬೇಕು. ಎತ್ತರ ಹೆಚ್ಚು, ಬುಡ ಕಿರಿದು ಇರುವ ಯಾವುದೇ ಸಾಮಾನಿಗೆ ಮಕ್ಕಳು ಹತ್ತಿದರೆ ಅದು ಮುಂದಕ್ಕೆ ಬೀಳುತ್ತದೆ. ಐಕಿಯಾ ಕಂಪನಿ ಮಕ್ಕಳ ಸಾವುಗಳ ನಂತರ 2016ರಲ್ಲಿ ಅಮೆರಿಕದಲ್ಲಿ ಮಾರಿದ್ದ 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ವಾಪಸ್ ಕರೆಯಿತು. ಗೋಡೆಗೆ ಬಿಗಿಯದಿದ್ದರೆ ಅವು ಮಗುಚುತ್ತಿದ್ದವು. ನಮ್ಮ ಐದಡಿಯ ಪೆಟ್ಟಿಗೆಗೂ ಮೇಲ್ಗಡೆ ಒಂದಾದರೂ ಕ್ಲಾಂಪ್ ಗೋಡೆಗೆ ಬೇಕು. ಭಾರದ ಪುಸ್ತಕ ಕೆಳಗಿನ ಖಾನೆಯಲ್ಲಿ, ಹಗುರ ನೋಟ್‌ಬುಕ್ ಮೇಲೆ. ಬಾಡಿಗೆ ಮನೆಯಾದರೆ ಆ ಒಂದು ತೂತಿಗೆ ಮಾಲೀಕರನ್ನು ಕೇಳಿ. ಅವರು ಒಪ್ಪದಿದ್ದರೆ, ಇಲ್ಲವೇ ಆ ಒಂದು ಕ್ಲಾಂಪೂ ಹಿಡಿಯದ ಮಣ್ಣಿನ ಗೋಡೆಯಾದರೆ, ಪೆಟ್ಟಿಗೆಯ ಎತ್ತರ ಮೂರಡಿಗೆ ನಿಲ್ಲಿಸಿ, ಅಷ್ಟೇ ಸಾಕೆಂದು ತಿಳಿಯಿರಿ. ಬಾಡಿಗೆ ಕೊಡುವ ಮನೆ ಮಾಲೀಕರಿಗೂ ನನ್ನದೊಂದು ವಿನಂತಿ: ಗೋಡೆಗೆ ಮೊಳೆ ಹೊಡೆಯಬೇಡಿ ಎನ್ನುವ ನಿಮ್ಮ ಕಾಳಜಿ ನ್ಯಾಯವೇ. ಒಬ್ಬ ವಿದ್ಯಾರ್ಥಿಯ ಪುಸ್ತಕಕ್ಕಾಗಿ ಎರಡು ತೂತು ಬಿಡಿ, ಮನೆ ಖಾಲಿ ಮಾಡುವಾಗ ಸಿಮೆಂಟು ಮೆತ್ತಿಸಿಕೊಳ್ಳಿ.

ಎಂಟೂವರೆ ಇಂಚಿನ ಪೆಟ್ಟಿಗೆಯಲ್ಲಿ ಎರಡು ಬದಿಯ ಹಲಗೆಯ ದಪ್ಪ ಕಳೆದು ಉಳಿಯುವ ಏಳು ಇಂಚಿನ ಖಾನೆ ತೀರಾ ಸಣ್ಣದಲ್ಲವೇ ಎಂದು ಕೇಳುವವರಿದ್ದಾರೆ. ಪುಸ್ತಕವನ್ನು ಮಲಗಿಸದೆ ನಿಲ್ಲಿಸಿದರೆ ಹತ್ತನೇ ತರಗತಿಯ ಆರೂ ವಿಷಯದ ಪಠ್ಯಪುಸ್ತಕ, ಆರು ನೋಟ್‌ಬುಕ್ ಅಷ್ಟರಲ್ಲೇ ಹಿಡಿಸುತ್ತವೆ. ಖಾನೆಯ ಎತ್ತರ 12 ಇಂಚು ಇರಲಿ, ಉದ್ದನೆಯ ನೋಟ್‌ಬುಕ್ ಸಹ ನಿಲ್ಲಬೇಕು. ಹೀಗೆ ಒಂದು ಮಗುವಿಗೆ ಒಂದು ಖಾನೆ. ಮೂರು ಮಕ್ಕಳಿದ್ದರೆ ಮೂರು ಖಾನೆ, ಮೇಲೆ ಉಳಿದದ್ದು ಅರಿವು ಕೇಂದ್ರದಿಂದ ತಂದ ಪುಸ್ತಕಕ್ಕೆ. ಪ್ರತಿ ಖಾನೆಗೆ ಮಗುವಿನ ಹೆಸರು ಬರೆಸಿ. ನಮ್ಮ ಮನೆಗಳಲ್ಲಿ ಹೊಲ ಗಂಡನ ಹೆಸರಿನಲ್ಲಿ, ರೇಷನ್ ಕಾರ್ಡು ಅತ್ತೆಯ ಹೆಸರಿನಲ್ಲಿ, ತಿಜೋರಿಯ ಕೀಲಿ ಯಾರಾದರೂ ಹಿರಿಯರ ಸೊಂಟದಲ್ಲಿ. ಹದಿಮೂರು ಹದಿನಾಲ್ಕರ ಹುಡುಗಿಯ ಹೆಸರಿನಲ್ಲಿ ಮನೆಯೊಳಗೆ ಏನೂ ಇರುವುದಿಲ್ಲ. ಅಣ್ಣನಿಗೆ ಮೇಜು ಬಂದ ಮನೆಗಳಲ್ಲೂ ತಂಗಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬರೆಯುವುದನ್ನು ನೋಡುತ್ತೇನೆ. ಹೆಸರು ಬರೆದ ಒಂದು ಖಾನೆ ಅವಳಿಗೆ ಸಿಕ್ಕರೆ ಅದನ್ನು ಅವಳು ಹೇಗೆ ಇಟ್ಟುಕೊಳ್ಳುತ್ತಾಳೆ ಎನ್ನುವುದನ್ನು ನೀವೇ ನೋಡಿರಿ.

ಓದುವ ಮಗು ಬೀದಿದೀಪದ ಕೆಳಗೂ ಓದುತ್ತದೆ ಎಂದು ಹಿರಿಯರೊಬ್ಬರು ನನಗೆ ಉತ್ತರ ಕೊಟ್ಟಿದ್ದರು. ಅಂಥ ಮಕ್ಕಳು ಇದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಶಾಲೆ ಇರುವುದು ಅವರೊಬ್ಬರಿಗಾಗಿ ಅಲ್ಲ. ನನ್ನ ತರಗತಿಯಲ್ಲಿ ಹೆಚ್ಚಿನವರು ಸ್ವಲ್ಪ ಆಸರೆ ಸಿಕ್ಕರೆ ಓದುವವರು, ಸಿಗದಿದ್ದರೆ ಬಿಡುವವರು. ಅವರ ಸಲುವಾಗಿಯೇ ಈ ಮಾತು.

ಶಿಕ್ಷಕ ಬಂಧುಗಳು ಇದನ್ನು ಪಾಠವನ್ನಾಗಿಯೂ ಮಾಡಬಹುದು. ಎಂಟನೇ, ಒಂಬತ್ತನೇ ತರಗತಿಯಲ್ಲಿ ಕ್ಷೇತ್ರಫಲ ಕಲಿಸುವಾಗ ಮನೆಯ ಸಂದಿ ಅಳೆದು, ಅದಕ್ಕೆ ಬೇಕಾದ ಹಲಗೆಯ ಲೆಕ್ಕ ಬರೆದು ತರಲು ಹೇಳಿ. ನನ್ನ ತರಗತಿಯಲ್ಲಿ ಗಣಿತವೆಂದರೆ ಮುಖ ತಿರುಗಿಸುತ್ತಿದ್ದ ಹುಡುಗರು ಇಂಚನ್ನು ಸೆಂಟಿಮೀಟರಿಗೆ ತರುವುದನ್ನು ಈ ಕೆಲಸದಲ್ಲೇ ಕಲಿತರು. ಅಪ್ಪ ಗೌಂಡಿ ಕೆಲಸದವರು, ಬಡಿಗೇರರು ಆಗಿದ್ದ ಮಕ್ಕಳು ಅವತ್ತು ಉಳಿದವರಿಗೆ ಹೇಳಿಕೊಡುವವರಾದರು.

ಸರ್ಕಾರದ ವಸತಿ ಯೋಜನೆಗಳ ಬಗ್ಗೆ ಒಂದು ಒತ್ತಾಯವಿದೆ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ, ಅಡುಗೆಯ ಜಾಗವೂ ಸೇರಿ. ಇಷ್ಟರೊಳಗೆ ಪಲ್ಲಂಗ, ತಿಜೋರಿ, ಚೀಲ ಕೂತ ಮೇಲೆ ಮಗುವಿಗೆ ಉಳಿಯುವುದು ಬಾಗಿಲ ಹಿಂದಿನ ಮೂಲೆ. ಗೋಡೆ ಏಳುವಾಗಲೇ ಒಂದು ಮೂಲೆಯಲ್ಲಿ ಎರಡೂ ಗೋಡೆಗೆ ಸೇರಿಸಿ ಮೂರು ಪರಸಿ ಕಲ್ಲು ಇಡುವುದಕ್ಕೆ ಗೌಂಡಿಗೆ ಹೆಚ್ಚಿನ ಹೊತ್ತು ಬೇಕಿಲ್ಲ, ಕಲ್ಲು ಪಕ್ಕದ ಜಿಲ್ಲೆಯ ಗಣಿಯದೇ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೂ ನಮ್ಮ ಜಿಲ್ಲಾ ಪಂಚಾಯಿತಿಯೂ ಮನೆಯ ನಕ್ಷೆಯಲ್ಲಿ ಇದನ್ನು ಸೇರಿಸಬೇಕು. ಕಲ್ಯಾಣ ಕರ್ನಾಟಕದ ಹೆಸರಿನಲ್ಲಿ ಬರುವ ದೊಡ್ಡ ದೊಡ್ಡ ಮೊತ್ತಗಳ ಮುಂದೆ ಮೂರು ಕಲ್ಲಿನ ಖರ್ಚು ಯಾವ ಲೆಕ್ಕ?

ಸರ್ಕಾರ ಮಾಡುವ ತನಕ ಕಾಯಬೇಡಿ. ಮೇ ಕೊನೆಗೆ ಶಾಲೆ ತೆರೆಯುತ್ತವೆ, ಜೂನ್ ಮೊದಲ ವಾರಗಳಲ್ಲಿ ಹೊಸ ಪಠ್ಯಪುಸ್ತಕಗಳು ಮಕ್ಕಳ ಕೈ ಸೇರುತ್ತವೆ. ಅಷ್ಟರೊಳಗೆ ಒಂದು ಭಾನುವಾರ ತಿಜೋರಿ ಪಕ್ಕದ ಸಂದಿ ತೆರವು ಮಾಡಿ, ಮೂರು ಕಡೆ ಅಳೆಯಿರಿ, ಹಲಗೆ ಹಾಕಿಸಿ, ಮಗಳ ಹೆಸರು ಮೊದಲು ಬರೆಯಿರಿ.